ಅಕ್ಷರದಾಸೋಹವೂ ಅಧ್ಯಾಪಕಧರ್ಮವೂ

ದಾಸೋಹವೆಂಬ ಶಬ್ದವನ್ನು ನಾವು ನಿತ್ಯವೂ ಉಚ್ಚರಿಸುತ್ತೇವೆ. ಆದರೆ ಅದನ್ನು ದಾನವೆಂಬ ಅರ್ಥದಲ್ಲಿಯೇ ಬಳಸಿಬಿಡುವುದು ರೂಢಿಯಾಗಿದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿಯಾದರೋ ‘ದಾಸಃ ಅಹಂ’, ನಾನು ದಾಸನು ಎಂಬ ಭಾವವೇ ಮೂಲ. ಬಂದವನು ಜಂಗಮಸ್ವರೂಪನು, ಅವನಿಗೆ ಸಲ್ಲತಕ್ಕದ್ದು ಮೊದಲೇ ಅವನದು, ಸಲ್ಲಿಸುವ ಭಾಗ್ಯ ಮಾತ್ರ ನಮ್ಮದು. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂದು ಹೇಳಿರುವುದೂ ಈ ಭಾವವನ್ನೇ. ಶರಣಬಂಧುಗಳು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತನ್ನು ಓದಬೇಕೆಂದು ಪ್ರಾರ್ಥನೆ.

ನಮ್ಮ ಮಠದ ಶಾಲೆಯಲ್ಲಿ ಓದಿದ, ಹುಟ್ಟಿನಿಂದ ಕಣ್ಣು ಕಾಣದ ಹುಡುಗನೊಬ್ಬನು ಕನ್ನಡ ಎಂ.ಎ. ಓದಲು ವಿಶ್ವವಿದ್ಯಾಲಯವೊಂದನ್ನು ಸೇರಿದನು. ರಜೆಗೆ ಬಂದಾಗ, “ಪಾಠ ಹೇಗೆ ನಡೆದಿದೆಯಪ್ಪಾ?” ಎಂದು ಕೇಳಿದೆನು. “ಗುರುಗಳೆ, ಅಧ್ಯಾಪಕರೆಲ್ಲರೂ ಒಳ್ಳೆಯವರು. ಆದರೆ ಹಲಗೆಯ ಮೇಲೆ ಬರೆದು ‘ಇದರಿಂದ ಅದು ಬಂತು’ ಎನ್ನುತ್ತಾರೆ. ಯಾವುದರಿಂದ ಯಾವುದು ಬಂತೋ ನನಗೆ ತಿಳಿಯದು. ಟಿಪ್ಪಣಿ ಕಳುಹಿಸುತ್ತಾರೆ, ನನ್ನ ಯಂತ್ರ ಅದನ್ನು ಓದದು. ಪ್ರತಿಸಲವೂ ಹೋಗಿ ಕೇಳಬೇಕು. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಆದರೂ ಬೇಡಿ ಬೇಡಿ ಸಾಕಾಗಿದೆ” ಎಂದನು.

ನನಗೆ ಆ ಅಧ್ಯಾಪಕರ ಮೇಲೆ ಕೋಪವೇ ಬಂದಿತು. ಅದನ್ನು ಆಡಿ ತೋರಿಸುವಷ್ಟರಲ್ಲಿ ಹುಡುಗನು ಮೆಲ್ಲಗೆ, “ತಾವು ಕಳುಹಿಸಿದ ಷಟ್‌ಸ್ಥಲದ ಟಿಪ್ಪಣಿಯೂ ಹಾಗೆಯೇ ಇದೆ, ಗುರುಗಳೆ” ಎಂದುಬಿಟ್ಟನು.

ಆ ಟಿಪ್ಪಣಿಯನ್ನು ನಾನೇ ಗಣಕಯಂತ್ರದಲ್ಲಿ, ಯೂನಿಕೋಡ್ ಬರುವುದಕ್ಕೆ ಮುಂಚಿನ ಅಕ್ಷರಪದ್ಧತಿಯಲ್ಲಿ ಬರೆದಿದ್ದೆನು. ಆ ಪದ್ಧತಿಯಲ್ಲಿ ಕಣ್ಣಿಗೆ ಕಾಣುವುದು ಕನ್ನಡದ ಆಕಾರ. ಒಳಗೆ ಇರುವುದು ರೋಮನ್ ಲಿಪಿಯ ಸಂಕೇತ. ಕುರುಡರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವು ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನೇ ಓದುತ್ತದೆ. ಆದ್ದರಿಂದ ‘ಭಕ್ತಸ್ಥಲ’ವೆಂದು ನಾನು ಬರೆದದ್ದು ಆ ಹುಡುಗನ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಣಗಾಟವಾಗಿ ಬಿದ್ದಿತು. ಪುಸ್ತಕದ ಪುಟಗಳ ಚಿತ್ರ ತೆಗೆದು ಕಳುಹಿಸಿದರೂ ಇದೇ ಗತಿ. ದಾಸೋಹವನ್ನು ಕುರಿತು ಬರೆದ ನನ್ನ ಪುಟಗಳೇ ಒಬ್ಬ ವಿದ್ಯಾರ್ಥಿಗೆ ಬಾಗಿಲು ಮುಚ್ಚಿದ್ದವು!

ಓದುಗರಿಗೆ ತಲಪುವಂತೆ ಗ್ರಂಥದ ರೂಪವನ್ನು ಬದಲಿಸುವುದು ನಮ್ಮಲ್ಲಿ ಹೊಸ ಸಂಗತಿಯೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಸಂಸ್ಕೃತವನ್ನು ಬಿಟ್ಟು ಜನರಾಡುವ ಕನ್ನಡದಲ್ಲಿಯೇ ತಮ್ಮ ಅನುಭಾವವನ್ನು ನುಡಿದರು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಓಲೆಗರಿಗಳನ್ನು ಹುಡುಕಿ ಕೂಡಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿನಲ್ಲಿ ತಂದರು. ಅವರು ಹಾಗೆ ಮಾಡದಿದ್ದರೆ ಗೃಹಸ್ಥರಾದ ನಮ್ಮ ಕೈಗೆ ವಚನಗಳು ಎಷ್ಟು ಬರುತ್ತಿದ್ದವು? ಓಲೆಯಿಂದ ಅಚ್ಚಿಗೆ ತಂದುದನ್ನು ಪುಣ್ಯಕಾರ್ಯವೆಂದು ಕೊಂಡಾಡುವ ನಾವು, ಅಚ್ಚಿನಿಂದ ಬ್ರೈಲ್ ಲಿಪಿಗೋ ಶ್ರವ್ಯರೂಪಕ್ಕೋ ತರುವುದನ್ನು ಮಾತ್ರ ಹೆಚ್ಚಿನ ತೊಂದರೆಯೆಂದು ಎಣಿಸುತ್ತೇವೆ. ಗ್ರಂಥಸ್ವಾಮ್ಯದ ಭಯವನ್ನು ಕೆಲವರು ಮುಂದೊಡ್ಡುವರು. ಅಂಗವಿಕಲರ ಓದಿಗಾಗಿ ಹೀಗೆ ರೂಪಾಂತರಿಸಲು ೨೦೧೨ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ.

ಇನ್ನು ಕಣ್ಣಿಲ್ಲದವರಿಗೆ ಉಚ್ಚವಿದ್ಯೆ ದಕ್ಕುವುದೇ ಎಂಬ ಶಂಕೆ. ಇದಕ್ಕೆ ಉತ್ತರ ನಮ್ಮ ಪರಂಪರೆಯಲ್ಲಿಯೇ ಇದೆ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣು ಕಾಣದ ಬಾಲಕ ಗದಿಗೆಯ್ಯನನ್ನು ತಾವೇ ಗುರುತಿಸಿ ವಿದ್ಯೆ ಕಲಿಸಿದರು. ಆತನೇ ಪಂಚಾಕ್ಷರ ಗವಾಯಿಗಳಾಗಿ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದರು. ಸಂಗೀತವು ಕಿವಿಯ ವಿದ್ಯೆಯಷ್ಟೆ ಎಂದು ಯಾರಾದರೂ ಅಂದಾರು. ಅವರ ಶಿಷ್ಯರಾದ, ೨೦೧೦ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರೇ. ಅವರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು. ಇಲ್ಲಿ ಗಮನಿಸತಕ್ಕದ್ದು, ಶಿಷ್ಯನು ಬೇಡುವುದಕ್ಕೆ ಮುನ್ನವೇ ಗುರುವು ಎದ್ದು ಬಂದದ್ದು.

ವಿಶ್ವವಿದ್ಯಾಲಯಗಳಲ್ಲಿ ಕೊರತೆಯಾಗಿರುವುದು ಇದೇ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಎಣಿಸಿ, ಸರಕಾರದ ಮತ್ತು ಅದರ ನೆರವು ಪಡೆಯುವ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ನೂರಕ್ಕೆ ೫ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಕಾನೂನು ಪೀಠವನ್ನು ಕೊಟ್ಟೀತು. ಪೀಠದ ಮೇಲೆ ಕುಳಿತವನಿಗೆ ಪಾಠ ಮುಟ್ಟಿಸುವುದು ಅಧ್ಯಾಪಕನ ಕಾಯಕ. ಇದಕ್ಕಾಗಿ ಒಂದು ಕೋಣೆ, ಒಬ್ಬ ಅಧಿಕಾರಿಯನ್ನು ನೇಮಿಸಿ, ಉಳಿದವರೆಲ್ಲರೂ “ಅದು ಅವರ ಕೆಲಸ” ಎಂದು ಕೈತೊಳೆದುಕೊಳ್ಳುವುದನ್ನು ಕಾಣುತ್ತೇವೆ. ಕಾಯಕವನ್ನು ಹೀಗೆ ಒಬ್ಬನ ಹೆಗಲಿಗೆ ಹೊರಿಸಲು ಬರುವುದಿಲ್ಲ.

“ನನ್ನ ತರಗತಿಯಲ್ಲಿ ಅಂಥ ವಿದ್ಯಾರ್ಥಿಯೇ ಇಲ್ಲವಲ್ಲ” ಎಂಬ ಮಾತು ಇನ್ನೊಂದು. ದಾಸೋಹದ ಮನೆಯಲ್ಲಿ ಅತಿಥಿಯು ಹೊಸ್ತಿಲಿಗೆ ಬಂದ ಮೇಲೆ ಒಲೆ ಹಚ್ಚುವುದುಂಟೆ? ಇಲ್ಲವೆಂದು ಹೇಳುವುದಾದರೂ ಹೇಗೆ? ಕಿವಿ ಮಂದವಾದವನು, ಅಕ್ಷರಗಳು ಕಲೆತುಹೋಗಿ ಓದಲು ತಡವರಿಸುವವನು ತನ್ನ ಕೊರತೆಯನ್ನು ಹೇಳಿಕೊಳ್ಳಲು ನಾಚಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರಬಹುದು.

ಮಾಡತಕ್ಕದ್ದು ಹೆಚ್ಚೇನಿಲ್ಲ. ಬರೆದದ್ದನ್ನು ಬಾಯಿಂದಲೂ ಪೂರ್ಣವಾಗಿ ಹೇಳುವುದು, ಹಲಗೆಯ ಕಡೆಗೆ ತಿರುಗಿ ಮಾತನಾಡದಿರುವುದು (ತುಟಿಯನ್ನು ನೋಡಿ ತಿಳಿಯುವವರು ಇರುತ್ತಾರೆ), ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಬರೆಯುವುದು. ಆದರೆ ಇದು ಒಬ್ಬ ಸಜ್ಜನನ ಗುಣವಾಗಿ ಉಳಿಯದೆ ವಿಭಾಗದ ಆಚಾರವೇ ಆಗಬೇಕಾದರೆ ಹಿರಿಯರು ಮೊದಲು ಮಾಡಿ ತೋರಿಸಬೇಕು. ಕಿರಿಯರು ನೋಡಿಯೇ ಕಲಿಯುತ್ತಾರೆ. ಆ ಹುಡುಗನ ವಿಭಾಗದಲ್ಲಿ ನಿವೃತ್ತಿಗೆ ಸಮೀಪದಲ್ಲಿರುವ ಪ್ರಾಧ್ಯಾಪಕರೊಬ್ಬರು ತಮ್ಮ ಟಿಪ್ಪಣಿಗಳನ್ನೆಲ್ಲ ಬದಲಾಯಿಸಿ, ವಿಭಾಗದ ಸಭೆಯಲ್ಲಿ ಯಂತ್ರದಿಂದ ಗಟ್ಟಿಯಾಗಿ ಓದಿಸಿ ಕೇಳಿಸಿದರಂತೆ. ಆಮೇಲೆ ಇಬ್ಬರು ಕಿರಿಯ ಅಧ್ಯಾಪಕರು ತಾವಾಗಿಯೇ ಹುಡುಗನನ್ನು ಕರೆದು ತಮ್ಮ ಬರಹಗಳು ಸರಿಯಾಗಿ ಕೇಳಿಸುತ್ತವೆಯೇ ಎಂದು ವಿಚಾರಿಸಿದರೆಂದು ಅವನು ಹೇಳಿದನು.

ನನ್ನ ಟಿಪ್ಪಣಿಗಳಲ್ಲಿ ಭಕ್ತಸ್ಥಲ, ಮಹೇಶ್ವರಸ್ಥಲಗಳನ್ನು ಬದಲಾಯಿಸಿ ಅವನಿಗೆ ಕಳುಹಿಸಿದ್ದಾಗಿದೆ. ಪ್ರಸಾದಿಸ್ಥಲದಿಂದ ಮುಂದಿನದು ಶ್ರಾವಣದೊಳಗೆ ಮುಗಿಯಬೇಕು. ಅವನ ಪರೀಕ್ಷೆ ಅದರ ಮುಂದಿನ ತಿಂಗಳು.