ಕೆಲಸ ಕೊಡಿಸುವವರ ಕೆಲಸ

ನೌಕರಿ ಹುಡುಕುವವರ ಕಷ್ಟವನ್ನು ಕುರಿತು ನಾವು ಬಹಳ ಕೇಳಿದ್ದೇವೆ. ನೌಕರಿ ಹುಡುಕಿಕೊಡುವುದೂ ಒಂದು ವೃತ್ತಿಯೆಂಬುದನ್ನು ಅಷ್ಟಾಗಿ ಯೋಚಿಸಿಲ್ಲ. ಆ ವೃತ್ತಿಗೆ ಭವಿಷ್ಯವಿದೆಯೇ, ಕಲಾ ಪದವೀಧರರಿಗೆ ಅಲ್ಲಿ ಸ್ಥಾನವುಂಟೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಭಾರತದಲ್ಲಿ ಸರ್ಕಾರವು 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳನ್ನು ಸ್ಥಾಪಿಸಿದ್ದು ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗಾಗಿ. ವಿಭಜನೆಯ ಕಾಲದಲ್ಲಿ ನಿರಾಶ್ರಿತರಿಗೂ, 1948ರಲ್ಲಿ ಎಲ್ಲ ಉದ್ಯೋಗಾರ್ಥಿಗಳಿಗೂ ಅವುಗಳ ಬಾಗಿಲು ತೆರೆಯಿತು. 1959ರ ಕಾಯಿದೆಯು ಖಾಲಿ ಹುದ್ದೆಗಳನ್ನು ಈ ಕಚೇರಿಗಳಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಆದರೆ ಅಲ್ಲಿಂದಲೇ ಜನರನ್ನು ಆರಿಸಿಕೊಳ್ಳಬೇಕೆಂದು ಕಟ್ಟುಮಾಡಲಿಲ್ಲ. ಕಚೇರಿಯ ಪಟ್ಟಿಯೊಂದೇ ಸಾಲದು, ಪತ್ರಿಕೆಗಳಲ್ಲಿಯೂ ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿತು. 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯ ಅಂತರಜಾಲ ತಾಣ ಬಂದ ಮೇಲೆ ಅಭ್ಯರ್ಥಿಯು ಮನೆಯಿಂದಲೇ ಹೆಸರು ನೋಂದಾಯಿಸಬಹುದಾಯಿತು. ಬರಿಯ ರಿಜಿಸ್ಟರು ಬರೆಯುವವರ ಅಗತ್ಯ ಹೀಗೆ ಕುಗ್ಗುತ್ತ ಬಂತು.

ಇತ್ತ ಖಾಸಗಿ ಸಂಸ್ಥೆಗಳು ಬೆಳೆದವು. ಇವುಗಳಲ್ಲಿ ದೊಡ್ಡವಾದ ಟೀಮ್‌ಲೀಸ್ ಮತ್ತು ಕ್ವೆಸ್ ಕಾರ್ಪ್‌ಗಳ ಪ್ರಧಾನ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಕೆಲವು ಸಂಸ್ಥೆಗಳು ತಕ್ಕ ವ್ಯಕ್ತಿಯನ್ನು ಹುಡುಕಿಕೊಟ್ಟು ಮಾಲೀಕರಿಂದ ಶುಲ್ಕ ಪಡೆಯುತ್ತವೆ. ಇನ್ನು ಕೆಲವು ನೌಕರರನ್ನು ತಮ್ಮ ಲೆಕ್ಕದಲ್ಲಿಯೇ ಇಟ್ಟುಕೊಂಡು ಬೇರೆ ಕಂಪನಿಗಳಿಗೆ ಕಳುಹಿಸುತ್ತವೆ. ಆಗ ಸಂಬಳ, ಭವಿಷ್ಯನಿಧಿ, ವಿಮೆಗಳ ಹೊಣೆಯೂ ಅವುಗಳದೇ. ಆದ್ದರಿಂದ ಅಲ್ಲಿ ಅಭ್ಯರ್ಥಿಗಳನ್ನು ಆರಿಸುವವರು, ಹಾಜರಿ ಮತ್ತು ಸಂಬಳದ ಲೆಕ್ಕ ನೋಡುವವರು, ಕಾರ್ಮಿಕ ಕಾನೂನು ಬಲ್ಲವರು, ಕಂಪನಿಗಳೊಡನೆ ವ್ಯವಹರಿಸುವವರು ಎಲ್ಲರೂ ಬೇಕಾಗುತ್ತಾರೆ.

ಈ ವೃತ್ತಿಯ ತೊಡಕನ್ನೂ ಮರೆಯಬಾರದು. ವ್ಯಾಪಾರ ತಗ್ಗಿದಾಗ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸ ನೇಮಕವನ್ನು. ಅದರ ಪೆಟ್ಟು ಕೂಡಲೇ ತಾಗುವುದು ಇವರಿಗೆ. ಅರ್ಜಿಗಳನ್ನು ಜರಡಿ ಹಿಡಿಯುವ ಕೆಲಸವನ್ನು ಗಣಕಯಂತ್ರವೂ ಮಾಡಬಲ್ಲದು. ಆದರೆ ಹಳ್ಳಿಯಿಂದ ಬಂದ ತರುಣನ ಸಂಕೋಚದ ಹಿಂದಿರುವ ಯೋಗ್ಯತೆಯನ್ನು ಗುರುತಿಸುವುದು, ಕರಾರಿನ ಷರತ್ತುಗಳನ್ನು ಅವನ ಮಾತಿನಲ್ಲಿಯೇ ಬಿಡಿಸಿ ಹೇಳುವುದು ಮನುಷ್ಯನ ಕೆಲಸ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಭಾಷೆಗಳನ್ನು ಓದುವ ನಮಗೆ ಇದು ದೂರದ ವಿದ್ಯೆಯಲ್ಲ. ಇದರ ಜೊತೆಗೆ ಕಾರ್ಮಿಕ ಕಾನೂನು ಮತ್ತು ಲೆಕ್ಕಪತ್ರದ ಪರಿಚಯವನ್ನು ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಮಾಣಿಕತೆ. ಕೆಲಸ ಕೊಡಿಸುವ ಖಾಸಗಿ ಸಂಸ್ಥೆಗಳು ಸಾಮಾನ್ಯವಾಗಿ ಕೆಲಸಗಾರರಿಂದ ಶುಲ್ಕ ಪಡೆಯಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಡಂಬಡಿಕೆಯ ತತ್ತ್ವ. ನಿರುದ್ಯೋಗಿಯ ಆಸೆಯನ್ನೇ ಬಂಡವಾಳ ಮಾಡಿಕೊಂಡವನು ದಲ್ಲಾಳಿಯಾಗುತ್ತಾನೆ. ಅವನ ನಂಬಿಕೆಯನ್ನು ಉಳಿಸಿಕೊಂಡವನಿಗೆ ಈ ವೃತ್ತಿಯಲ್ಲಿ ಏಳಿಗೆಯುಂಟು.