ಹಸಿ ತೊಗರಿ, ಮೇಲೆ ಅರ್ಧ ಲಿಂಬೆ

ಎಳ್ಳ ಅಮಾವಾಸ್ಯೆಯಂದು ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಸುತ್ತಿನ ಹೊಲಗಳಲ್ಲಿ ನೈವೇದ್ಯದ ಚರಗ ಚೆಲ್ಲಿದ ಮೇಲೆ ಬುತ್ತಿ ಬಿಚ್ಚುತ್ತಾರೆ. ಸಜ್ಜಿ ರೊಟ್ಟಿ, ಅಂಬಲಿ, ಜೊತೆಗೆ ಭಜ್ಜಿ. ಬೆಂಗಳೂರಿನವರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು. ಬೀದರ್ ಸೀಮೆಯ ಭಜ್ಜಿಯೇ ಬೇರೆ. ಹಸಿ ತೊಗರಿ, ಅವರೆ, ವಟಾಣಿ, ಹಸಿ ಕಡಲೆ, ಸೊಪ್ಪು ಎಲ್ಲ ಕೂಡಿಸಿ, ಕಡಲೆಹಿಟ್ಟು ಬೆರೆಸಿ ಕುದಿಸಿದ ಗಟ್ಟಿ ಪಲ್ಯ ಅದು. ಅದೇ ಹೊತ್ತಿಗೆ ಪೇಟೆಗೆ ನಾಗಪುರದ ಸಂತ್ರಾ ಬಂದಿರುತ್ತದೆ. ಕೈಯಲ್ಲಿರುವ ದುಡ್ಡಿಗೆ ಕಾಯಿ ಕೊಳ್ಳಬೇಕೋ, ಹಣ್ಣೋ?

ಲೆಕ್ಕ ನೋಡಿದರೆ ಅಚ್ಚರಿಯಾಗುತ್ತದೆ. 100 ಗ್ರಾಂ ಸಂತ್ರಾ ತೊಳೆಯಲ್ಲಿ ಸಿ ಜೀವಸತ್ವವೇನೋ ಚೆನ್ನಾಗಿಯೇ ಇದೆ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ಅಷ್ಟೇ ತೂಕದ ಹಸಿ ತೊಗರಿ ಕಾಳಿನಲ್ಲಿ ಪ್ರೋಟೀನ್ 7 ಗ್ರಾಂ, ನಾರು 5 ಗ್ರಾಂ. ಸಿ ಜೀವಸತ್ವವೂ ಸುಮಾರು 39 ಮಿಲಿಗ್ರಾಂ. ಲಿಂಬೆರಸದಲ್ಲಿರುವುದೇ 30! ಹಸಿರು ಬೀನ್ಸ್ ಮಾತ್ರ ಈ ಸಾಲಿನಲ್ಲಿ ಹಿಂದೆ: ಪ್ರೋಟೀನ್ ಎರಡು ಗ್ರಾಂನೊಳಗೆ, ಸಿ 12 ಮಿಲಿಗ್ರಾಂ. ಆದರೆ ಅದೇ ತೊಗರಿ ಒಣಗಿ ಬೇಳೆಯಾದಾಗ ಪ್ರೋಟೀನ್ 22 ಗ್ರಾಂ ಮುಟ್ಟುತ್ತದೆ, ಸಿ ಜೀವಸತ್ವ ಇಲ್ಲವೆನ್ನುವಷ್ಟಾಗುತ್ತದೆ. ಹಸಿ ಕಾಯಿಯ ಬೆಲೆ ಇರುವುದು ಅದು ಹಸಿಯಾಗಿರುವ ನಾಲ್ಕು ವಾರಗಳಲ್ಲೇ.

ಕೊಳ್ಳುವಾಗ ಕಾಳು ತುಂಬಿಯೂ ಸಿಪ್ಪೆ ಇನ್ನೂ ಹಸಿರಾಗಿರುವ ಕಾಯಿ ಆರಿಸಬೇಕು. ಸಣ್ಣ ತೂತು ಕಂಡರೆ ಒಳಗೆ ಹುಳ ಇದ್ದೀತು. ಕಾಲು ಕಿಲೋ ಸುಲಿದರೆ ಸಿಪ್ಪೆಯೇ ಅರ್ಧದಷ್ಟು ಹೋಗಿ ನೂರು ಗ್ರಾಂ ಚಿಲ್ಲರೆ ಕಾಳು ಉಳಿಯುತ್ತದೆ. ಹಿಂದಿನ ರಾತ್ರಿಯೇ ಸುಲಿದಿಡುವುದು ಬೇಡ. ತೊಳೆಯುವುದು ಸುಲಿಯುವ ಮೊದಲು.

ಬೇಯಿಸುವುದರಲ್ಲೇ ಹೆಚ್ಚು ನಷ್ಟ. ಕುದಿದ ಮೇಲೆ ಕಾಳಿನ ಸಿ ಜೀವಸತ್ವ 39ರಿಂದ 28ರ ಆಸುಪಾಸಿಗೆ ಇಳಿಯುತ್ತದೆ. ಹೀಗಾಗಿ ನೀರು ಕಡಿಮೆ ಹಾಕಿ, ಮುಚ್ಚಳ ಮುಚ್ಚಿ, ಕಾಳು ಮೆತ್ತಗಾದೊಡನೆ ಇಳಿಸಬೇಕು. ಬಸಿದ ನೀರನ್ನು ಚೆಲ್ಲಿದರೆ ಅದರೊಂದಿಗೆ ಫೋಲೇಟ್ ಕೂಡ ಹೋಯಿತು. ಭಜ್ಜಿಯಲ್ಲಿ ಆ ತಾಪತ್ರಯವಿಲ್ಲ, ನೀರೆಲ್ಲ ಹಿಟ್ಟಿನಲ್ಲೇ ಸೇರುತ್ತದೆ. ಹಿರಿಯರ ಅಡುಗೆಯ ಜಾಣತನ ಇದು.

ಇನ್ನು ಹುಳಿಯ ವಿಚಾರ. ಹುಣಸೆಹಣ್ಣು ಎಷ್ಟೇ ಹುಳಿಯಿದ್ದರೂ ಅದರಲ್ಲಿ ಸಿ ಜೀವಸತ್ವ 100 ಗ್ರಾಂಗೆ ನಾಲ್ಕು ಮಿಲಿಗ್ರಾಂ ಕೂಡ ಇಲ್ಲ. ಅದಕ್ಕೇ ಲಿಂಬೆ ಬೇಕು, ಒಲೆಯಿಂದ ಇಳಿಸಿದ ಮೇಲೆ, ತಟ್ಟೆಯಲ್ಲಿ ಹಿಂಡಲು. ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಸಿ ಜೀವಸತ್ವ ಅದನ್ನು ಕರುಳು ಒಪ್ಪುವ ರೂಪಕ್ಕೆ ತರುತ್ತದೆ. ಐಸಿಎಂಆರ್ 2020ರ ಪಟ್ಟಿಯ ಪ್ರಕಾರ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಸಿಕ್ಕಿದ್ದೆಲ್ಲ ರಕ್ತಕ್ಕೆ ಸೇರುವುದು ಅವರಿಗೆ ಮುಖ್ಯ. ಊಟ ಮುಗಿದೊಡನೆ ಕೇಟಲಿ ಮುಂದೆ ಬಂದರೆ ಈ ಲಾಭ ಕೈತಪ್ಪುತ್ತದೆ. ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಒಂದು ತಾಸು ತಡೆದರೆ ಒಳ್ಳೆಯದು.

ಸಂತ್ರಾ, ಮೋಸಂಬಿಯನ್ನು ಹಿಂಡಿ ಕುಡಿಯುವುದಕ್ಕಿಂತ ತೊಳೆ ಬಿಡಿಸಿ ತಿನ್ನುವುದು ಮೇಲು. ಒಂದು ಗ್ಲಾಸ್ ರಸಕ್ಕೆ ಎರಡು ಮೂರು ಹಣ್ಣು ಬೇಕು, ಸಕ್ಕರೆಯೆಲ್ಲ ಗ್ಲಾಸಿಗೆ ಬರುತ್ತದೆ, ನಾರು ಬುಟ್ಟಿಗೆ ಬೀಳುತ್ತದೆ. ದೊಡ್ಡವರ ದಿನದ ಸಿ ಅಗತ್ಯ 65ರಿಂದ 80 ಮಿಲಿಗ್ರಾಂ. ಸಾಧಾರಣ ಗಾತ್ರದ ಒಂದು ಸಂತ್ರಾ ಅದರ ಒಳ್ಳೆಯ ಪಾಲನ್ನು ಪೂರೈಸುತ್ತದೆ.

ಬೇಸಿಗೆಗೆ ಹಸಿ ತೊಗರಿ ಸಿಗದು. ಆಗ ಈ ಭಾಗದ ಹೆಸರುಕಾಳನ್ನೇ ನೆನೆಸಿ, ಮೊಳಕೆ ಕಟ್ಟಿ ಉಸಳಿ ಮಾಡಬಹುದು. ಮೊಳಕೆಯಲ್ಲಿ 100 ಗ್ರಾಂಗೆ ಸುಮಾರು 13 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಲಿಂಬೆಯ ದರ ಏರುವುದೂ ಆಗಲೇ, ಆದರೆ ಒಂದು ತಟ್ಟೆ ಉಸಳಿಗೆ ಅರ್ಧ ಹೋಳು ಸಾಕು.