ಯಾವ ಬಾದಾಮಿ ಎಂದು ಹೇಳಿಬಿಡಿ

ಫೋಟೋ ಹಾಕಿ, ಅದಕ್ಕೆ ಒಂದೇ ಪದದ ಟ್ಯಾಗ್ ಅಂಟಿಸಿ ಸುಮ್ಮನಾಗಬೇಡಿ. ‘ಬಾದಾಮಿ’ ಎಂದಷ್ಟೇ ಬರೆದರೆ ಚಾಲುಕ್ಯರ ಗುಹಾಲಯ ಹುಡುಕುವವರ ಮುಂದೆ ಹಾಲಿಗೆ ಹಾಕುವ ಬಾದಾಮಿಯೂ ಬುಟ್ಟಿ ತುಂಬ ಮಾವಿನ ಹಣ್ಣೂ ಬಂದು ನಿಲ್ಲುತ್ತವೆ. ನೀವು ಬಿಸಿಲಲ್ಲಿ ಮೆಟ್ಟಿಲು ಹತ್ತಿ ತೆಗೆದ ಚಿತ್ರ ಆ ರಾಶಿಯಲ್ಲಿ ಕಳೆದುಹೋಗುತ್ತದೆ. ‘ಮೈಸೂರು ಮಲ್ಲಿಗೆ’ಯ ಪಾಡೂ ಇದೇ: ಅದು ಹೂವೂ ಹೌದು, ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನವೂ ಹೌದು, ಟಿ.ಎಸ್. ನಾಗಾಭರಣರ ಸಿನಿಮಾವೂ ಹೌದು.

ಟ್ಯಾಗ್ ಹಾಕುವ ಮುನ್ನ ಆ ಪದವನ್ನು ನೀವೇ ಒಮ್ಮೆ ಹುಡುಕಿ ನೋಡಿ. ಬಗೆಬಗೆಯ ಚಿತ್ರ ಬಂದರೆ ಬಿಡಿಸಿ ಬರೆಯಿರಿ: ಬಾದಾಮಿ_ಗುಹಾಲಯ, ಬಾದಾಮಿ_ಮಾವು. ಹ್ಯಾಶ್‌ಟ್ಯಾಗ್‌ನ ನಡುವೆ ಜಾಗ ಬಿಟ್ಟರೆ ಅದು ಅಲ್ಲಿಗೇ ತುಂಡಾಗುತ್ತದೆ, ಅಡಿಗೆರೆ ಮರೆಯಬೇಡಿ. ವಿಕಿಮೀಡಿಯ ಕಾಮನ್ಸ್‌ಗೆ ಕೊಡುವ ಚಿತ್ರವಾದರೆ ಊರು, ಹಣ್ಣು, ಸಿನಿಮಾ ಯಾವುದೆಂದು ನೋಡಿ ಸರಿಯಾದ ವರ್ಗಕ್ಕೇ ಸೇರಿಸಿ.

ಹೆಚ್ಚು ಜನ ನೋಡಲೆಂದು ಸಂಬಂಧವಿಲ್ಲದ ಪದ ತುಂಬುವುದಂತೂ ಬೇಡವೇ ಬೇಡ. ಶಾಲೆಯ ಪ್ರಾಜೆಕ್ಟ್‌ಗೆ ಚಿತ್ರ ಹುಡುಕುವ ಮಗು ತಪ್ಪು ಚಿತ್ರವನ್ನೇ ಅಂಟಿಸಿಕೊಂಡು ಹೋಗಬಹುದು. ಹಿಂದೆ ಹಾಕಿದ ಚಿತ್ರಗಳ ಟ್ಯಾಗ್‌ಗಳನ್ನೂ ಬಿಡುವಾದಾಗ ಒಂದಿಷ್ಟು ತಿದ್ದಿಬಿಡಿ.